‘ಸ್ಫಟಿಕ ರಚನೆ’ ಎಂಬುದರ ಅರ್ಥ ಮತ್ತು ಬಳಕೆ

ಮಾನ್ಯರೇ,

ಹೆಚ್ಚಿದ ಬಾಳೆಕಾಯಿ ಕಪ್ಪಾಗದಿರಲೆಂದು ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕುವುದು ನಮ್ಮ ತೀರ್ಥಹಳ್ಳಿ ಕಡೆಯ ಅಡುಗೆಮನೆಗಳಲ್ಲಿ ವಾಡಿಕೆ. ಹಾಗೆ ಕಪ್ಪಾಗಿಸುವ ಕಿಣ್ವಗಳ ಬಗ್ಗೆ ಪ್ರೌಢಶಾಲೆಯ ಮಕ್ಕಳಿಗಾಗಿ ಬರೆಯುತ್ತಿರುವ ಲೇಖನ ಒಂದು ಪದದ ಬಳಿ ನಿಂತಿದೆ. ಇದೇ ಗುಂಪಿಗೆ ಸೇರಿದ ಕ್ಯಾಟಕಾಲ್ ಆಕ್ಸಿಡೇಸ್ ಎಂಬ ಕಿಣ್ವವನ್ನು ವಿಜ್ಞಾನಿಗಳು ಗೆಣಸಿನಿಂದ ಬೇರ್ಪಡಿಸಿ, ಹರಳುಗಟ್ಟಿಸಿ, ಆ ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ, ಅಣುವಿನ ಒಳವಿನ್ಯಾಸವನ್ನು 1998ರಲ್ಲಿ ಪ್ರಕಟಿಸಿದರು. ಅದರ ನಡುವೆ ಎರಡು ತಾಮ್ರದ ಅಯಾನುಗಳಿದ್ದು, ಒಂದೊಂದನ್ನೂ ಅಮೈನೋ ಆಮ್ಲದ ಘಟಕಗಳಾದ ಮೂರು ಮೂರು ಹಿಸ್ಟಿಡಿನ್‌ಗಳು ಹಿಡಿದಿಟ್ಟಿವೆ. ಈ ವಿನ್ಯಾಸವನ್ನು ನಾನು ರೂಢಿಯಂತೆ ‘ಕಿಣ್ವದ ಸ್ಫಟಿಕ ರಚನೆ’ ಎಂದು ಬರೆದಿದ್ದೆ.

ಕರಡನ್ನು ಓದಿದ ಶಿವಮೊಗ್ಗದ ಅಧ್ಯಾಪಕ ಮಿತ್ರರೊಬ್ಬರು, ಕಿಣ್ವವು ಗೆಣಸಿನೊಳಗೆ ಸ್ಫಟಿಕವನ್ನು ತಯಾರಿಸುತ್ತದೆಯೇ ಎಂದು ಕೇಳಿದರು. ತಪ್ಪು ಅವರದಲ್ಲ. ‘ಪದ್ಯರಚನೆ’ ಎಂದಾಗ ‘ರಚನೆ’ಯು ಮಾಡುವ ಕೆಲಸ, ‘ದೇಹರಚನೆ’ ಎಂದಾಗ ಇರುವ ಬಗೆ. ‘ಸ್ಫಟಿಕ ರಚನೆ’ಯಲ್ಲಿ ಯಾವ ಅರ್ಥವೆಂದು ಸಮಾಸ ತಾನಾಗಿ ಹೇಳುವುದಿಲ್ಲ. ಎರಡನೆಯ ಅರ್ಥವನ್ನೇ ಹಿಡಿದರೂ ತೊಡಕು ತೀರದು. ಉಪ್ಪಿನ ಮಾತಾದರೆ ಹರಳಿನ ಜೋಡಣೆಯೇ ನಮಗೆ ಬೇಕಾದ ವಿಷಯ. ಕಿಣ್ವದ ಮಾತಿನಲ್ಲಿ ಹರಳು ಕೇವಲ ಸಾಧನ, ತಿಳಿಯಬೇಕಾದದ್ದು ಅಣುವಿನ ಆಕಾರ.

‘ಸ್ಫಟಿಕ’ ನಮಗೆ ಹೊಸದೇನಲ್ಲ. ಹಳಗನ್ನಡದಲ್ಲಿ ಅದು ‘ಪಳಿಕು’ ಆಗಿಯೂ ಬಳಕೆಯಲ್ಲಿತ್ತು. ಆದರೆ ಆ ಪದ ಕೇಳಿದೊಡನೆ ಮಕ್ಕಳಿಗೆ ನೆನಪಾಗುವುದು ಜಪಮಾಲೆಯ ಮಣಿ. ‘ಹರಳು’ ಎಂದರೆ ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಅವರು ಕೈಯಾರೆ ಮುಟ್ಟಿದ ವಸ್ತು. ‘ಹರಳುಗಟ್ಟು’, ‘ಹರಳುಗಟ್ಟಿಸು’ ಎಂಬ ಕ್ರಿಯಾಪದಗಳೂ ಸಿದ್ಧವಾಗಿವೆ. ‘ಸ್ಫಟಿಕೀಕರಿಸು’ ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಹರಳೆಣ್ಣೆಯ ಹರಳಿನೊಡನೆ ಗೊಂದಲವಾದೀತೆಂಬ ಆಕ್ಷೇಪವನ್ನು ಕೇಳಿದ್ದೇನೆ, ಆದರೆ ವಾಕ್ಯದ ಸಂದರ್ಭವೇ ಅದನ್ನು ಬಿಡಿಸುತ್ತದೆ.

ಸದ್ಯಕ್ಕೆ ‘ಹರಳಿನ ಮೂಲಕ ಕಂಡ ಕಿಣ್ವದ ವಿನ್ಯಾಸ’ ಎಂದು ಬಿಡಿಸಿ ಬರೆದಿದ್ದೇನೆ. ಲೇಖನದ ಒಡಲಿಗೆ ಇದು ಒಪ್ಪುತ್ತದೆ, ಚಿತ್ರದ ಅಡಿಬರಹಕ್ಕೆ ಉದ್ದವಾಯಿತು. ‘ಕಟ್ಟು’ ಎಂಬ ಪದವನ್ನು ‘ವಿನ್ಯಾಸ’ದ ಬದಲು ಈ ಅರ್ಥದಲ್ಲಿ ಬಳಸಬಹುದೇ, ಅಥವಾ ಹರಳು ಸಾಧನ ಮಾತ್ರ ಎಂಬುದನ್ನು ಉಳಿಸಿಕೊಳ್ಳುವ ಎರಡು ಪದಗಳ ಸಮಾಸವೇನಾದರೂ ಇದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.