ಪದಚರ್ಚೆ: ‘ಖಿತ್ಬಾ’ ಬಿಟ್ಟರೆ ರದ್ದತಿಯೋ, ವಿಚ್ಛೇದನವೋ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಿಕಾಹ್‌ಗೆ ಮೊದಲೇ ಸಂಬಂಧ ಬಿಟ್ಟುಹೋಗುವುದರ ಬಗ್ಗೆ ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರ) ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ಅಲ್ ಉದೂಲು ಅನಿಲ್ ಖಿತ್ಬಾ’ ಎಂದಿದೆ. ಸದ್ಯಕ್ಕೆ ‘ನಿಶ್ಚಿತಾರ್ಥ ರದ್ದತಿ’ ಎಂದು ಬರೆದಿಟ್ಟಿದ್ದೇನೆ. ಕರಡು ಓದಿದವರೊಬ್ಬರು ‘ವಿವಾಹಪೂರ್ವ ವಿಚ್ಛೇದನ’ ಎಂದರೆ ಸ್ಪಷ್ಟವಾಗುತ್ತದೆ ಎನ್ನುತ್ತಾರೆ. ಎರಡರಲ್ಲಿ ಯಾವುದು ಸರಿ? ಖಿತ್ಬಾ ಪದವನ್ನು ಕೆಲವೆಡೆ ‘ಖುತ್ಬಾ’ ಎಂದೂ ಅಚ್ಚು ಮಾಡಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ:

ನಮಸ್ಕಾರ ಸರ್. ಮೊದಲು ಕಾಗುಣಿತದ ವಿಷಯ ಮುಗಿಸಿಬಿಡೋಣ. ಖಿತ್ಬಾ ಬೇರೆ, ಖುತ್ಬಾ ಬೇರೆ. ಧಾತು ಒಂದೇ ಆದರೂ ಇಕಾರವಿದ್ದರೆ ಹೆಣ್ಣು ಕೇಳುವುದು, ಉಕಾರವಿದ್ದರೆ ಪ್ರವಚನ. ನಿಕಾಹ್ ನಡೆಸುವಾಗ ಓದುವುದು ಖುತ್ಬಾ; ಎರಡೂ ಮದುವೆಯ ಸುತ್ತಲೇ ಬರುವುದರಿಂದ ಬೆರೆತುಹೋಗುತ್ತವೆ. ಹಾಗೆಯೇ ಹೆಣ್ಣು ಕೇಳಿದವನು ಖಾತಿಬ್, ಪ್ರವಚನ ನೀಡುವವರು ಖತೀಬ್. ದೀರ್ಘ ಎಲ್ಲಿ ಬರುತ್ತದೆ ಎಂಬುದರ ಮೇಲೆ ಅರ್ಥ ನಿಂತಿದೆ. ಮಹಾಪ್ರಾಣವನ್ನೂ ಬಿಡಬೇಡಿ. ಅರಬ್ಬಿಯ ಎರಡು ಬಗೆಯ ತಕಾರ ನಮ್ಮ ಲಿಪಿಯಲ್ಲಿ ಒಂದೇ ಆಗುವುದರಿಂದ, ಖಕಾರವೂ ಜಾರಿದರೆ ಖಾತಿಬ್ ಹೋಗಿ ಕಾತಿಬ್, ಅಂದರೆ ಬರೆಯುವವನು, ಆಗುತ್ತದೆ. ಕೇಳಲ್ಪಟ್ಟ ಹೆಣ್ಣು ಮಖ್ತೂಬಾ. ಮಕ್ತೂಬ್ ಎಂದರೆ ಬರೆದದ್ದು.

ಇನ್ನು ಅರ್ಥ. ಖಿತ್ಬಾದ ತಿರುಳು ‘ಕೇಳುವುದು’. ಉರ್ದುವಿನ ಮಂಗ್ನಿಯೂ ಕೇಳುವ ಕ್ರಿಯೆಯಿಂದಲೇ ಬಂದದ್ದು. ನಮ್ಮಲ್ಲಿ ‘ಹೆಣ್ಣು ಕೇಳುವುದು’ ಎಂಬ ಮಾತು ಸಿದ್ಧವಾಗಿಯೇ ಇದೆ. ಕೇಳಿದ್ದಕ್ಕೆ ಒಪ್ಪಿಗೆ ಬಂದು ಮಾತು ಕುದುರಿದ ಹಂತಕ್ಕೆ ಮಾತ್ರ ನಿಶ್ಚಿತಾರ್ಥ ಹೊಂದುತ್ತದೆ. ಅರಬ್ಬಿಯಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ಸಂದರ್ಭ ನೋಡಿ ಬಳಸಬೇಕು. ಪ್ರವಾದಿಯವರ ನುಡಿಗಳ ಸಂಗ್ರಹವಾದ ಬುಖಾರಿಯಲ್ಲಿ, ಅವರ ಸಂಗಾತಿ ಇಬ್ನ್ ಉಮರ್ ಅವರಿಂದ ಬಂದ ಹದೀಸ್ ಇದೆ: ಒಬ್ಬ ಕೇಳಿರುವಾಗ ಇನ್ನೊಬ್ಬ ಕೇಳಬಾರದು, ಮೊದಲು ಕೇಳಿದವನು ಬಿಟ್ಟುಬಿಡುವವರೆಗೆ ಅಥವಾ ಅನುಮತಿ ಕೊಡುವವರೆಗೆ. ಇದನ್ನು ‘ನಿಶ್ಚಿತಾರ್ಥದ ಮೇಲೆ ನಿಶ್ಚಿತಾರ್ಥ’ ಎಂದು ಅನುವಾದಿಸಿದರೆ ಮಾತೇ ಕೆಡುತ್ತದೆ.

ಆ ಹದೀಸಿನಲ್ಲಿರುವ ಕ್ರಿಯಾಪದ ‘ಬಿಡು’ ಎಂಬುದನ್ನು ಗಮನಿಸಿ. ಉದೂಲ್ ಎಂದರೂ ದಾರಿಯಿಂದ ತಿರುಗುವುದು, ಸರಿಯುವುದು. ಮುರಿಯುವ, ರದ್ದು ಮಾಡುವ ಅರ್ಥ ಅದರಲ್ಲಿಲ್ಲ. ಇದಕ್ಕೆ ಕಾರಣವಿದೆ. ಕುರ್‌ಆನಿನ 2:235ನೇ ಆಯತ್ (ಸೂಕ್ತ) ಖಿತ್ಬಾವನ್ನೂ ‘ಉಕ್ದತುನ್ನಿಕಾಹ್’ ಎಂಬುದನ್ನೂ ಬೇರೆಬೇರೆಯಾಗಿ ಹೇಳುತ್ತದೆ. ಇದ್ದತ್‌ನಲ್ಲಿರುವ, ಅಂದರೆ ಮರುಮದುವೆಗೆ ಮೊದಲು ಕಾಯಬೇಕಾದ ಅವಧಿಯಲ್ಲಿರುವ, ವಿಧವೆಗೆ ಮದುವೆಯ ಇಂಗಿತವನ್ನು ಸೂಚ್ಯವಾಗಿ ತಿಳಿಸಿದರೆ ದೋಷವಿಲ್ಲ, ಅವಧಿ ಮುಗಿಯುವವರೆಗೆ ನಿಕಾಹ್‌ನ ಗಂಟು ಹಾಕುವಂತಿಲ್ಲ. ಉಕ್ದಾ ಎಂದರೆ ಗಂಟು. ತಲಾಖ್ (ಗಂಡ ಕೊಡುವ ವಿಚ್ಛೇದನ), ಖುಲಾ (ಹೆಂಡತಿ ಕೇಳಿ ಪಡೆಯುವ ಬಿಡುಗಡೆ), ಫಸ್ಖ್ (ಮದುವೆಯನ್ನು ರದ್ದುಮಾಡುವುದು) ಎಲ್ಲವೂ ಆ ಗಂಟನ್ನು ಬಿಚ್ಚುವ ಪದಗಳು. ಖಿತ್ಬಾದಲ್ಲಿ ಗಂಟೇ ಬಿದ್ದಿಲ್ಲ, ಇರುವುದು ಕೊಟ್ಟ ಮಾತು. ಹಾಗಾಗಿ ‘ವಿಚ್ಛೇದನ’ ಖಂಡಿತ ಬೇಡ. ಆಡುಮಾತಿನ ಅರಬ್ಬಿಯಲ್ಲಿ ‘ಫಸ್ಖ್’ ಎನ್ನುವವರಿದ್ದಾರೆ, ನಿಜ. ಆದರೆ 1953ರ ಸಿರಿಯಾದ ವೈಯಕ್ತಿಕ ಕಾನೂನು ಎಚ್ಚರದಿಂದ ಉದೂಲ್ ಎಂದೇ ಬರೆಯುತ್ತದೆ. ಅದರ 2ನೇ ಕಲಮಿನ ಪ್ರಕಾರ ಖಿತ್ಬಾ, ಮದುವೆಯ ವಾಗ್ದಾನ, ಫಾತಿಹಾ (ಕುರ್‌ಆನಿನ ಮೊದಲ ಅಧ್ಯಾಯ) ಓದುವುದು, ಮಹ್ರ್ (ಗಂಡು ಹೆಣ್ಣಿಗೆ ಕೊಡಬೇಕಾದ ವಧುಧನ) ಪಡೆಯುವುದು, ಉಡುಗೊರೆ ಸ್ವೀಕರಿಸುವುದು ಯಾವುದೂ ಮದುವೆಯಲ್ಲ. 3ನೇ ಕಲಮು ಹಿಂದೆ ಸರಿಯುವ ಹಕ್ಕನ್ನು ಇಬ್ಬರಿಗೂ ಕೊಡುತ್ತದೆ.

ನನ್ನ ಆಯ್ಕೆ: ‘ನಿಶ್ಚಿತಾರ್ಥದಿಂದ ಹಿಂದೆ ಸರಿಯುವುದು’. ಆಡುಮಾತಿನಲ್ಲಿ ‘ಸಂಬಂಧ ಬಿಡುವುದು’. ‘ರದ್ದತಿ’ ಎಂದರೆ ಯಾವುದೋ ಅಧಿಕಾರಿ ಆದೇಶ ಹೊರಡಿಸಬೇಕೆಂದು ಓದುಗರು ತಿಳಿಯುತ್ತಾರೆ. ಇದಕ್ಕೆ ಖಾಝಿ ಬೇಡ, ಸಾಕ್ಷಿ ಬೇಡ, ನಿಗದಿಯಾದ ವಾಕ್ಯವೂ ಇಲ್ಲ. ಹೆಣ್ಣಿಗೆ ಇದ್ದತ್ ಇಲ್ಲ. ಬೇಕಾದದ್ದು ಒಂದೇ, ಎದುರಿನ ಮನೆಯವರಿಗೆ ಸ್ಪಷ್ಟವಾಗಿ ತಿಳಿಸುವುದು. ಸುಮ್ಮನೆ ಮಾತುಕತೆ ನಿಲ್ಲಿಸಿದರೆ ಆ ಹೆಣ್ಣನ್ನು ಬೇರೆಯವರು ಕೇಳುವಂತಿಲ್ಲ, ಇವರೂ ಮುಂದುವರಿಯುವುದಿಲ್ಲ. ಆಕೆಗಾಗುವ ಅನ್ಯಾಯ ಇದೇ.

ಕರಡಿನಲ್ಲಿ ‘ಹರಾಮ್’ (ನಿಷಿದ್ಧ) ಎಂದು ಬರೆದಿದ್ದರೆ ಅದನ್ನೂ ನೋಡಿಕೊಳ್ಳಿ. ಕಾರಣವಿಲ್ಲದೆ ಸರಿಯುವುದು ಮಾತು ತಪ್ಪಿದಂತೆ, ಮಕ್ರೂಹ್ (ಅಪ್ರಿಯವಾದದ್ದು). ಆದರೆ ಹಕ್ಕು ಇನ್ನೂ ಸ್ಥಿರವಾಗದ ಕಾರಣ ಹರಾಮ್ ಅಲ್ಲ ಎಂದು ಹಂಬಲಿ ಪಂಥದ ವಿದ್ವಾಂಸ ಇಬ್ನ್ ಕುದಾಮಾ ‘ಅಲ್ ಮುಗ್ನೀ’ಯಲ್ಲಿ ಹೇಳುತ್ತಾರೆ. ತಕ್ಕ ಕಾರಣವಿದ್ದರೆ ಮಕ್ರೂಹ್ ಕೂಡ ಅಲ್ಲ.

ಮರುಪ್ರಶ್ನೆ:

ತುಂಬಾ ಉಪಕಾರವಾಯಿತು. ಇನ್ನೊಂದು ತೊಡಕು. ಅದೇ ಬರಹದಲ್ಲಿ ಮುಂದೆ ‘ಕತ್ಬುಲ್ ಕಿತಾಬ್ ನಂತರ ಬಿಟ್ಟರೆ ಅರ್ಧ ಮಹ್ರ್’ ಎಂದು ಬರುತ್ತದೆ. ಇದೂ ನಿಶ್ಚಿತಾರ್ಥವೇ ತಾನೆ? ಹಾಗಾದರೆ ಬೇರೆಡೆ ‘ಮಹ್ರ್ ಪೂರ್ತಿ ಹಿಂತಿರುಗಿಸಬೇಕು’ ಎಂದಿರುವುದೇಕೆ?

ಉತ್ತರ:

ಅಲ್ಲ ಸರ್, ಅದು ನಿಕಾಹ್. ಅರಬ್ ನಾಡುಗಳಲ್ಲಿ ನಿಕಾಹ್ ಕರಾರು ಬರೆಯುವುದಕ್ಕೆ ಕತ್ಬುಲ್ ಕಿತಾಬ್ ಎನ್ನುತ್ತಾರೆ. ದಂಪತಿ ಇನ್ನೂ ಒಟ್ಟಿಗೆ ಬಾಳಲು ತೊಡಗಿರುವುದಿಲ್ಲ, ಹೆಣ್ಣನ್ನು ಕಳಿಸಿಕೊಡುವುದು ಬಾಕಿ ಇರುತ್ತದೆ. ಅದಕ್ಕೇ ಅನುವಾದಕರು ‘ನಿಶ್ಚಿತಾರ್ಥ’ ಎಂದುಬಿಡುತ್ತಾರೆ. ಈ ಒಂದು ತಪ್ಪಿನಿಂದ ಓದುಗರ ಬದುಕಿನಲ್ಲೇ ಎಡವಟ್ಟಾಗಬಹುದು. ಗಂಟು ಬಿದ್ದ ಮೇಲೆ ‘ಸಂಬಂಧ ಬೇಡ’ ಎಂದು ಹೇಳಿಕಳಿಸಿದರೆ ಸಾಲದು, ತಲಾಖ್, ಖುಲಾ ಅಥವಾ ಫಸ್ಖ್ ಆಗಲೇಬೇಕು. ಅದಿಲ್ಲದೆ ಆಕೆಗೆ ಬೇರೆ ಮದುವೆ ಮಾಡಿದರೆ ಆ ಮದುವೆ ನಿಲ್ಲುವುದಿಲ್ಲ.

ಮಹ್ರ್ ಗೊತ್ತುಮಾಡಿ, ಸ್ಪರ್ಶಕ್ಕೆ (ದೈಹಿಕ ಸಂಬಂಧಕ್ಕೆ) ಮೊದಲು ತಲಾಖ್ ಆದರೆ ಅರ್ಧ ಮಹ್ರ್ (ಕುರ್‌ಆನ್ 2:237), ಇದ್ದತ್ ಇಲ್ಲ (33:49). ಗಂಡಹೆಂಡಿರು ಅಡ್ಡಿಯಿಲ್ಲದ ಏಕಾಂತದಲ್ಲಿ ಒಟ್ಟಿಗೆ ಇದ್ದಿದ್ದರೆ ಹನಫಿ ಪಂಥದವರ ಪ್ರಕಾರ ಮಹ್ರ್ ಪೂರ್ತಿ, ಇದ್ದತ್ ಕೂಡ ಇದೆ. ಬರೀ ಖಿತ್ಬಾ ಆಗಿದ್ದರೆ ಮಹ್ರ್‌ಗೆ ಆಧಾರವೇ ಇಲ್ಲ, ಮುಂಚಿತವಾಗಿ ಕೊಟ್ಟದ್ದು ಪೂರ್ತಿ ವಾಪಸು. ಆ ಹಣದಲ್ಲಿ ಹೆಣ್ಣಿನವರು ಮದುವೆಯ ಸಾಮಾನು ಕೊಂಡಿದ್ದು, ಗಂಡು ಹಿಂದೆ ಸರಿದರೆ ಏನು ಮಾಡಬೇಕು? ಮೇಲೆ ಹೇಳಿದ ಸಿರಿಯಾ ಕಾನೂನಿನ 4ನೇ ಕಲಮು, ಅಷ್ಟೇ ಹಣ ಕೊಡುವುದೋ ಸಾಮಾನನ್ನೇ ಒಪ್ಪಿಸುವುದೋ ಎಂಬ ಆಯ್ಕೆಯನ್ನು ಆಕೆಗೆ ಬಿಡುತ್ತದೆ. ಸರಿದವಳು ಆಕೆಯೇ ಆದರೆ ಆ ಆಯ್ಕೆ ಇಲ್ಲ.

ಉಡುಗೊರೆಗೆ, ಅಂದರೆ ಹದಿಯಾಗೆ, ಲೆಕ್ಕ ಬೇರೆ. ಹನಫಿಗಳ ಪ್ರಕಾರ ವಸ್ತು ಇದ್ದ ಹಾಗೇ ಇದ್ದರೆ ಕೇಳಿ ಪಡೆಯಬಹುದು. ಉಂಗುರ, ಗಡಿಯಾರ ಈ ಸಾಲಿಗೆ ಸೇರುತ್ತವೆ. ತಿಂದು ಮುಗಿದದ್ದು, ಕಳೆದುಹೋದದ್ದು, ಹೊಲಿಸಿದ ಬಟ್ಟೆ ಕೇಳುವಂತಿಲ್ಲ. ಮಾಲಿಕಿ ಪಂಥದವರಲ್ಲಿ ಯಾರು ಸರಿದರು ಎಂಬುದು ಮುಖ್ಯ. ಗಂಡು ಸರಿದರೆ ಅವನಿಗೆ ಏನೂ ಮರಳದು, ಹೆಣ್ಣು ಸರಿದರೆ ಮರಳುತ್ತದೆ. ಬೇರೆ ಷರತ್ತು ಅಥವಾ ರೂಢಿ ಇದ್ದರೆ ಅದರಂತೆ.

ಆದ್ದರಿಂದ ‘ಕೊಟ್ಟ ಒಡವೆ’ ಎಂದು ಮೊಗಮ್ಮಾಗಿ ಬರೆಯಬೇಡಿ. ಮಹ್ರ್ ಆಗಿದ್ದರೆ ಮಹ್ರ್, ಉಡುಗೊರೆಯಾಗಿದ್ದರೆ ಉಡುಗೊರೆ ಎಂದೇ ಪ್ರತಿ ಸಲವೂ ಬರೆಯಿರಿ. ಮನೆಗಳಲ್ಲಿ ಜಗಳ ಹೆಚ್ಚಾಗಿ ಹುಟ್ಟುವುದು, ಕೊಡುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದ ಕಾರಣಕ್ಕೆ.