ಕಮುಂಡಾ ಟೈಮರ್ 2 ನಿಮಿಷ ಕೊಟ್ರೂ ಮುಂದಕ್ಕೆ ಹೋಗ್ತಿಲ್ಲ, ಯಾರಾದ್ರೂ ಹೇಳಿ

ಪ್ರಶ್ನೆ (ಚಿಕ್ಕಮಗಳೂರು):
ನಮಸ್ಕಾರ. ಇಲ್ಲೊಂದು ಕಾಫಿ ಕ್ಯೂರಿಂಗ್‌ಗೆ ಕಮುಂಡಾ 7ರಲ್ಲಿ (ಕೆಲಸದ ಹಂತಗಳನ್ನ ಚಿತ್ರ ಬಿಡಿಸಿ ಓಡಿಸೋ ಸಾಫ್ಟ್‌ವೇರ್) ಪ್ರೋಸೆಸ್ ಮಾಡ್ತಿದೀನಿ. ಚೀಲ ಇಳಿಸಿದ್ಮೇಲೆ ತೇವಾಂಶದ ರಿಪೋರ್ಟ್‌ಗೆ 2 ದಿನ ಕಾಯ್ಬೇಕು, ಬರ್ಲಿಲ್ಲ ಅಂದ್ರೆ ಸೂಪರ್‌ವೈಸರ್‌ಗೆ ಮೆಸೇಜ್ ಹೋಗ್ಬೇಕು. ಟೆಸ್ಟಿಗೆ ಅಂತ 2 ನಿಮಿಷ ಇಡೋಣ ಅಂತ ಡ್ಯುರೇಷನ್‌ನಲ್ಲಿ ಪಿ2ಎಂ ಹಾಕ್ದೆ, ಬೆಳಗ್ಗೆಯಿಂದ ಟೋಕನ್ (ಕೆಲಸ ಎಲ್ಲಿಗೆ ಬಂತು ಅನ್ನೋ ಗುರುತು) ಅಲ್ಲೇ ಕೂತಿದೆ, ಎರರ್ ಕೂಡ ಬರ್ತಿಲ್ಲ, ತಲೆ ಕೆಟ್ಟೋಗಿದೆ.

ಉತ್ತರ 1 (ಹಾಸನ):
ಪಿ2ಎಂ ಅಂದ್ರೆ 2 ತಿಂಗಳು ಗುರು! ಐಎಸ್‌ಒ 8601ರಲ್ಲಿ (ದಿನ, ಸಮಯ ಬರೆಯೋ ಅಂತರರಾಷ್ಟ್ರೀಯ ಕ್ರಮ) ಟಿ ಅಕ್ಷರ ಆದ್ಮೇಲೆ ಬರೋದು ಮಾತ್ರ ಗಂಟೆ ನಿಮಿಷ. ಪಿಟಿ2ಎಂ ಹಾಕಿ. 2 ದಿನಕ್ಕೆ ಪಿ2ಡಿ.

ಉತ್ತರ 2 (ಮೂಡಿಗೆರೆ):
ಅದು ಸರಿ, ಆದ್ರೆ ಟೈಮರನ್ನ ದಾರಿ ಮಧ್ಯೆ ಇಟ್ಟಿದ್ರೆ ರಿಪೋರ್ಟ್ ಒಂದೇ ಗಂಟೆಗೆ ಬಂದ್ರೂ 2 ದಿನ ಸುಮ್ನೆ ಕಾಯತ್ತೆ. ರಿಪೋರ್ಟ್ ಟಾಸ್ಕ್‌ನ ಅಂಚಿಗೆ ಬೌಂಡರಿ ಟೈಮರ್ ಅಂಟ್ಸಿ, ನಾನ್ ಇಂಟರಪ್ಟಿಂಗ್ ಮಾಡಿ, ಅಂದ್ರೆ ಚುಕ್ಕೆ ಗೆರೆಯ ವೃತ್ತ. ಮೆಸೇಜೂ ಹೋಗತ್ತೆ, ಟಾಸ್ಕೂ ಉಳಿಯತ್ತೆ. ಗಟ್ಟಿ ಗೆರೆದು ಹಾಕಿದ್ರೆ ಟಾಸ್ಕೇ ರದ್ದಾಗತ್ತೆ, ಹುಷಾರು.

ಪ್ರಶ್ನೆ ಕೇಳಿದವರು:
ಆಯ್ತು ಸರ್, ತುಂಬಾ ಥ್ಯಾಂಕ್ಸ್! ಹೊಸದಾಗಿ ಶುರು ಮಾಡಿದ್ದು ಓಡ್ತಿದೆ, ಹಳೇವು ಮಾತ್ರ ಇನ್ನೂ ನಿಂತಿವೆ?

ಉತ್ತರ 1:
ಅವು ಹಳೇ ವರ್ಷನ್‌ನಲ್ಲೇ ಇರ್ತವೆ, ತಿದ್ದಿದ್ದನ್ನ ಡಿಪ್ಲಾಯ್ ಮಾಡಿದ್ರೂ (ಸರ್ವರ್‌ಗೆ ಹಾಕಿದ್ರೂ) ಬದಲಾಗಲ್ಲ. ಕಾಕ್‌ಪಿಟ್‌ನಲ್ಲಿ (ಕಮುಂಡಾದ ಉಸ್ತುವಾರಿ ಪರದೆ) ಆ ಟೈಮರ್ ಜಾಬ್‌ನ ಡ್ಯೂ ಡೇಟ್ ತಿದ್ದಿ. ಇನ್ನೊಂದು, ಮುಂದೆ ಯಾವತ್ತಾದ್ರೂ ಬೆಳಗ್ಗೆ 9ಕ್ಕೆ ಅಂತ ಡೇಟ್ ಟೈಮರ್ ಹಾಕೋದಿದ್ರೆ ಕೊನೇಲಿ ಝಡ್ (ಯುಟಿಸಿ, ಅಂದ್ರೆ ಗ್ರೀನ್‌ವಿಚ್ ಟೈಮ್) ಬೇಡ, +05:30 (ಭಾರತದ ಟೈಮ್) ಬರೀರಿ, ಇಲ್ದಿದ್ರೆ ನಮ್ ಟೈಮಿಗೆ ಮಧ್ಯಾಹ್ನ 2:30ಕ್ಕೆ ಓಡತ್ತೆ.