ಪಕ್ಕದ ಮನೆ ಅಜ್ಜಿ "ಈ ಒತೆಂಕಿ ದೆಸ್ ನೇ" ಅಂದರೆ ಏನು ಹೇಳಬೇಕು?

ಬೆಣ್ಣೆದೋಸೆ ಊರಿನವಳು:

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಬಿಟ್ಟು ಜಪಾನಿನ ಹಮಾಮತ್ಸುಗೆ ಬಂದು ಮೂರು ತಿಂಗಳಾಯಿತು. ಯಜಮಾನರು ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೊರಡುತ್ತಾರೆ. ಆಮೇಲೆ ಸಂಜೆವರೆಗೂ ನನ್ನನ್ನು ಮಾತಾಡಿಸುವವರು ಅಂದರೆ ಪಕ್ಕದ ಮನೆ ಅಜ್ಜಿ ಒಬ್ಬರೇ. ಎಂಬತ್ತರ ಹತ್ತಿರ ವಯಸ್ಸು ಇರಬಹುದು.

ಕಸ ಹಾಕುವ ದಿನ ನಾವಿಬ್ಬರೂ ಎಂಟು ಗಂಟೆಗೆ ಕೆಳಗೆ ಬರುತ್ತೇವೆ. ಕಾಗೆ ಕೆದಕಬಾರದು ಅಂತ ಚೀಲಗಳ ಮೇಲೆ ಹಸಿರು ಬಲೆ ಹೊದಿಸಬೇಕು. ಒಂದು ತುದಿ ಅವರು ಹಿಡಿಯುತ್ತಾರೆ, ಇನ್ನೊಂದು ತುದಿ ನಾನು. ಬಲೆ ಹಾಸಿ ಮುಗಿದ ಮೇಲೆ ಅವರು ಸೊಂಟ ನೆಟ್ಟಗೆ ಮಾಡಿಕೊಂಡು, ಆಕಾಶ ನೋಡಿ, "ಈ ಒತೆಂಕಿ ದೆಸ್ ನೇ" ಅನ್ನುತ್ತಾರೆ. ಇವತ್ತು ಒಳ್ಳೆ ಹವಾ ಅಂತ. ಅಷ್ಟು ಅರ್ಥವಾಗುತ್ತದೆ. ನಾನು "ಹೈ", ಅಂದರೆ ಹೌದು, ಅಂತ ತಲೆ ಬಗ್ಗಿಸುತ್ತೇನೆ. ಅವರು ಒಂದು ಕ್ಷಣ ಕಾಯುತ್ತಾರೆ. ನನಗೆ ಮುಂದೆ ಏನೂ ತೋಚುವುದಿಲ್ಲ. ಅವರು ನಕ್ಕು ಮೆಟ್ಟಿಲು ಹತ್ತುತ್ತಾರೆ.

ಆ ಒಂದು ಕ್ಷಣ ನನಗೆ ತುಂಬಾ ಬೇಜಾರು ತರಿಸುತ್ತದೆ. ಅವರು ಮಾತಿಗೆ ಕರೆಯುತ್ತಿದ್ದಾರೆ, ನಾನು ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. ನಮ್ಮೂರಲ್ಲಿ ಹವಾದ ಮಾತು ಬಂದರೆ ಅದು ಬೈಯುವುದಕ್ಕೇ. "ಏನ್ ಬಿಸ್ಲು ರೀ", "ಈ ಸಲನೂ ಮಳೆ ಕೈ ಕೊಡ್ತು" ಅಂತ. ಬಿಸಿಲು ಚೆನ್ನಾಗಿದೆ ಅಂದರೆ ಅದಕ್ಕೆ ಉತ್ತರ ಏನು? ಪುಸ್ತಕದಲ್ಲಿ ಹತ್ತು ಪಾಠ ಮುಗಿಸಿದ್ದೇನೆ. ಎರಡು ಮೂರು ಮಾತು ಹೇಳಿಕೊಡಿ, ಸಾಕು.

ಜಯನಗರದ ಸೆನ್ಸೇ:

ಬೆಂಗಳೂರಿನಲ್ಲಿ ಜಪಾನೀಸ್ ಕಲಿಸುತ್ತೇನೆ. ಮೊದಲು ಆ ಕೊನೆಯ "ನೆ" ನೋಡಿ. ಅದು ನಮ್ಮ "ಅಲ್ವಾ". "ಕ್ಯೋ ವ ಈ ಒತೆಂಕಿ ದೆಸ್ ನೆ" ಅನ್ನುವುದನ್ನು ಪದಕ್ಕೆ ಪದ ಇಟ್ಟರೆ "ಇವತ್ತು ಒಳ್ಳೆ ಹವಾ ಅಲ್ವಾ" ಅಂತಲೇ ಆಗುತ್ತದೆ. ಕ್ರಮ ಕೂಡ ಬದಲಾಗುವುದಿಲ್ಲ. ನಾವು "ಅಲ್ವಾ" ಅಂದಾಗ ಎದುರಿನವರು ಬರೀ "ಹೂಂ" ಅಂದರೆ ಸಪ್ಪೆ ಅನಿಸುತ್ತದೆ. "ಹೌದಲ್ವಾ" ಅಂದರೆ ಮಾತು ಸೇರುತ್ತದೆ. ಆ "ಹೌದಲ್ವಾ"ನೇ "ಸೋ ದೆಸ್ ನೆ". "ಹೈ" ಬದಲು ಇದನ್ನು ಹೇಳಿ.

ಇದರಲ್ಲಿ ಎರಡು ಕಡೆ ಎಡವಬಾರದು. "ಸೋ ದೆಸ್ ಕ" ಅಂದರೆ "ಹೌದಾ?" ಅಂತ. ಕಣ್ಣ ಮುಂದೆ ಬಿಸಿಲಿದ್ದಾಗ ಹಾಗಂದರೆ ನಂಬಿಕೆ ಇಲ್ಲದ ಹಾಗೆ ಕೇಳುತ್ತದೆ. ಇನ್ನೊಂದು, ನೀವೇ ಮಾತು ಶುರು ಮಾಡುವಾಗ "ಈ ಒತೆಂಕಿ ದೆಸ್ ಯೊ" ಅನ್ನಬೇಡಿ. "ಯೊ" ಬರುವುದು ಎದುರಿನವರಿಗೆ ಗೊತ್ತಿಲ್ಲದ್ದನ್ನು ತಿಳಿಸುವಾಗ. ಒಂದೇ ಬಿಸಿಲಲ್ಲಿ ನಿಂತವರಿಗೆ ಬಿಸಿಲಿದೆ ಅಂತ ತಿಳಿಸುವುದು ಏನಿದೆ?

"ಒತೆಂಕಿ"ಯ ಮೊದಲಿನ "ಒ" ಮರ್ಯಾದೆಗೆ. ಗೆಳೆಯರ ಜೊತೆ "ಈ ತೆಂಕಿ ದ ನೆ" ಸಾಕು. ಅಜ್ಜಿಗೆ "ಒ" ಬೇಕು, "ದೆಸ್" ಕೂಡ ಬೇಕು.

ನನ್ನ ಕ್ಲಾಸಿನ ಮಕ್ಕಳಿಗೆ ಇದನ್ನು ತಪ್ಪದೆ ಹೇಳುತ್ತೇನೆ: "ಕೊನ್ನಿಚಿವ" ಅನ್ನುವುದೇ "ಇವತ್ತು…" ಅಂತ ಶುರುವಾಗಿ ಅರ್ಧಕ್ಕೆ ನಿಂತ ವಾಕ್ಯ. ಅದಕ್ಕೇ ಕೊನೆಯ ಅಕ್ಷರ "ಹ" ಅಂತ ಬರೆದು "ವ" ಅಂತ ಓದುತ್ತಾರೆ. ಇವತ್ತಿನ ದಿನದ ಬಗ್ಗೆ ಮಾತಾಡುವುದು ಅವರ ನಮಸ್ಕಾರದಲ್ಲೇ ಇದೆ.

ಮಳೆನಾಡಿನ ಮಾಣಿ:

ತಂಗೀ, ನಾನು ಶಿರಸಿ ಕಡೆಯವನು. ಜಪಾನ್ ಸಮುದ್ರದ ಕಡೆಯ ಕನಜಾವದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸೆನ್ಸೇ ಹೇಳಿದ್ದು ಸರಿ. ಆದರೆ "ಸೋ ದೆಸ್ ನೆ" ಅಂದು ನಿಲ್ಲಿಸಬೇಡಿ. ಅದರ ಹಿಂದೆ ನಿಮ್ಮದೇ ಆದ ಒಂದು ಸಣ್ಣ ಮಾತು ಸೇರಿಸಿ. "ಕಿಮೊಚಿ ಈ ದೆಸ್ ನೆ", ಹಿತವಾಗಿದೆ ಅಲ್ವಾ. ಅಥವಾ "ಸೆಂತಕು ಬಿಯೊರಿ ದೆಸ್ ನೆ", ಬಟ್ಟೆ ಒಗೆಯುವುದಕ್ಕೆ ಹೇಳಿ ಮಾಡಿಸಿದ ದಿನ. "ಬಿಯೊರಿ" ಅಂದರೆ ಆ ಕೆಲಸಕ್ಕೆ ಒಪ್ಪುವ ದಿನ. ಬಟ್ಟೆ ಒಣಹಾಕುವ ಮನೆಯವರಿಗೆ ಇದಕ್ಕಿಂತ ಹತ್ತಿರದ ಮಾತಿಲ್ಲ.

ಇಲ್ಲಿ ಹವಾದ ಮಾತು ಯಾಕೆ ಇಷ್ಟು ಅಂತ ನನಗೆ ಗೊತ್ತಾಗಿದ್ದು ಮೊದಲ ಚಳಿಗಾಲದಲ್ಲಿ. ಸೈಬೀರಿಯಾ ಕಡೆಯಿಂದ ಬರುವ ಗಾಳಿ ಜಪಾನ್ ಸಮುದ್ರ ದಾಟುವಾಗ ನೀರು ಹೀರಿಕೊಂಡು ಬಂದು, ನಡುವಿನ ಬೆಟ್ಟಕ್ಕೆ ಬಡಿದು, ನಮ್ಮ ಕಡೆ ಮಳೆ, ಹಿಮ ಎಲ್ಲ ಸುರಿಸುತ್ತದೆ. ಬೆಟ್ಟ ದಾಟಿ ನಿಮ್ಮ ಕಡೆ ಬರುವಾಗ ಅದು ಬರೀ ಒಣಗಾಳಿ. ಶಿರಸಿಗೂ ದಾವಣಗೆರೆಗೂ ಇರುವ ವ್ಯತ್ಯಾಸವೇ ನೋಡಿ! ನಮಗೆ ಘಟ್ಟದ ಮಳೆ, ನಿಮಗೆ ಘಟ್ಟದ ಮರೆ. ಇಲ್ಲೂ ಹಾಗೇ ಹಂಚಿಕೊಂಡಿದ್ದೇವೆ.

"ಬೆಂತೋ ವಸುರೆತೆಮೊ ಕಸ ವಸುರೆರು ನ" ಅಂತ ನಮ್ಮೂರ ಗಾದೆ. ಬುತ್ತಿ ಮರೆತರೂ ಛತ್ರಿ ಮರೆಯಬೇಡ. (ಅವರ "ಕಸ" ಛತ್ರಿ, ನಿಮ್ಮ ಚೀಲದ ಕಸ ಅಲ್ಲ.) ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ, ಇಲ್ಲಿನ ಕೆನ್ರೊಕುಎನ್ ತೋಟದಲ್ಲಿ ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದು ಅಂತ ಮರಗಳಿಗೆ ಹಗ್ಗ ಕಟ್ಟಲು ಶುರು ಮಾಡುತ್ತಾರೆ. ನಡುಗಂಬದ ತುದಿಯಿಂದ ಹಗ್ಗಗಳು ಛತ್ರಿ ಕಡ್ಡಿಯ ಹಾಗೆ ಇಳಿದಿರುತ್ತವೆ. ಆಮೇಲೆ ತಿಂಗಳುಗಟ್ಟಲೆ ಬೂದು ಆಕಾಶ. ಜನವರಿಯಲ್ಲಿ ಒಂದು ದಿನ ಸೂರ್ಯ ಕಂಡ. ನಾನು ತೋಫು ತರುವ ಅಂಗಡಿಯ ಅಮ್ಮ ಹೊರಗೆ ಬಂದು, ಒದ್ದೆ ಕೈ ಏಪ್ರನ್‌ಗೆ ಒರೆಸಿಕೊಳ್ಳುತ್ತಾ, "ಹರೆತೆ ಯೊಕತ್ತ ದೆಸ್ ನೆ" ಅಂದರು. ಬಿಸಿಲು ಬಂತು, ಒಳ್ಳೇದಾಯ್ತು ಅಲ್ವಾ. ಅವರ ಮುಖ ನೋಡಿದರೆ ನೆಂಟರು ಬಂದ ಹಾಗಿತ್ತು. ಶಿರಸಿಯಲ್ಲಿ ಆಷಾಢದ ಜಡಿಮಳೆ ನಡುವೆ ಒಂದು ಗಂಟೆ ಹೊಳವಾದರೆ ನಮ್ಮಮ್ಮ ಹಪ್ಪಳದ ಡಬ್ಬಿ ಹಿಡಿದು ಅಂಗಳಕ್ಕೆ ಬರುವಾಗ ಇದೇ ಮುಖ.

ಈಗ ನವೆಂಬರ್ ಅಲ್ವಾ, "ಕೊಹರು ಬಿಯೊರಿ" ಅನ್ನುವ ಮಾತು ಕಿವಿಗೆ ಬೀಳಬಹುದು. ಪದದಲ್ಲಿ "ಚಿಕ್ಕ ವಸಂತ" ಇದೆ, ಆದರೆ ಅದು ಚಳಿ ಶುರುವಾಗುವ ಮುಂಚಿನ ಬೆಚ್ಚನೆ ದಿನ. ನಾನು ಅದನ್ನು ಮಾರ್ಚಿಯಲ್ಲಿ ಹೇಳಿದಾಗ ಅದೇ ಅಮ್ಮ ಮೆತ್ತಗೆ ತಿದ್ದಿದರು. ಮಾರ್ಚಿಗೆ "ಅತತಕಕು ನರಿಮಶ್ತ ನೆ", ಬೆಚ್ಚಗಾಯ್ತಲ್ವಾ. ಸೆಪ್ಟೆಂಬರ್ ಕೊನೆಗೆ "ಸುಜುಶಿಕು ನರಿಮಶ್ತ ನೆ", ತಂಪಾಯ್ತಲ್ವಾ.

ಕೊನೆಗೆ ಒಂದು, ನನಗೆ ತುಂಬಾ ಇಷ್ಟದ್ದು. ಬಹಳ ದಿನ ಒಣಗಿದ ಮೇಲೆ ಮಳೆ ಬಂದರೆ "ಈ ಒಶಿಮೆರಿ ದೆಸ್ ನೆ" ಅನ್ನುತ್ತಾರೆ. ಒಳ್ಳೆ ಹದ ಮಳೆ ಅಲ್ವಾ! ವಯಸ್ಸಾದವರು ನಿಮ್ಮ ಬಾಯಲ್ಲಿ ಇದನ್ನು ಕೇಳಿದರೆ ಎಷ್ಟು ಖುಷಿ ಪಡುತ್ತಾರೆ ನೋಡಿ.

ಯೊಕೊಹಾಮಾ ಲಕ್ಷ್ಮಿ:

ಇದೂ ಒಂದು ಸೇರಿಸಿಕೊಳ್ಳಿ ಅಕ್ಕಾ. ಹವಾ ಮುಗಿದ ಮೇಲೆ "ಒದೆಕಕೆ ದೆಸ್ ಕ" ಅಂತ ಕೇಳುತ್ತಾರೆ. ಹೊರಗೆ ಹೊರಟ್ರಾ ಅಂತ. ನಾನು ಮೊದಲು ಬಸ್ ನಂಬರಿಂದ ಹಿಡಿದು ಎಲ್ಲ ಹೇಳುತ್ತಿದ್ದೆ. ಅಷ್ಟು ಬೇಡ. "ಚೊತ್ತೊ ಸೊಕೊ ಮದೆ", ಸುಮ್ನೆ ಇಲ್ಲೇ ಹೋಗಿ ಬರ್ತೀನಿ. ನಮ್ಮಲ್ಲೂ ಹೊರಟವರನ್ನು "ಎಲ್ಲಿಗೆ" ಅನ್ನದೆ "ದೂರ ಹೊರಟ್ರಾ" ಅಂತ ಕೇಳುತ್ತೇವಲ್ಲ, ಅದೇ.

ಬೆಣ್ಣೆದೋಸೆ ಊರಿನವಳು:

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಹೇಳಿದೆ! ಬಲೆ ಹಾಸಿದ ಮೇಲೆ ಅಜ್ಜಿ ಎಂದಿನ ಹಾಗೆ ಅಂದರು. ನಾನು "ಸೋ ದೆಸ್ ನೆ. ಸೆಂತಕು ಬಿಯೊರಿ ದೆಸ್ ನೆ" ಅಂದೆ. ಅವರು "ಮಾ!" ಅಂತ ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಏನೇನೋ ಉದ್ದಕ್ಕೆ ಹೇಳಿದರು. ನನಗೆ ಸಿಕ್ಕಿದ್ದು ಎರಡೇ, "ಕಜೆ" ಮತ್ತು "ಫುತೋನ್". ಗಾಳಿ, ಹಾಸಿಗೆ. ನಮ್ಮ ಬಾಲ್ಕನಿ ಕಡೆ ಬೆರಳು ಮಾಡಿ ಕೈಯನ್ನು ಪಟಪಟ ಆಡಿಸಿ ತೋರಿಸಿದರು.

ಹತ್ತು ನಿಮಿಷಕ್ಕೆ ಬೆಲ್ ಆಯಿತು. ಅವರೇ. ಕೈಯಲ್ಲಿ ಎರಡು ದೊಡ್ಡ ಕ್ಲಿಪ್ಪು, ನನ್ನ ಮೊಣಕೈಯಿಂದ ಅಂಗೈವರೆಗೆ ಉದ್ದ. ನೀಲಿ ಬಣ್ಣ, ಬಿಸಿಲಿಗೆ ಬೆಳ್ಳಗಾಗಿದೆ. ಬಾಲ್ಕನಿಯ ಕಂಬಿ ಮೇಲೆ ಹಾಸಿಗೆ ಒಣಹಾಕಿ ಅದರಿಂದ ಕಚ್ಚಿಸಬೇಕಂತೆ, ಇಲ್ಲಿನ ಒಣಗಾಳಿಗೆ ಹಾರಿಹೋಗುತ್ತದಂತೆ. ಇಬ್ಬರೂ ಸೇರಿ ಹಾಕಿದೆವು. ಸಂಜೆ ಯಜಮಾನರು ಮಲಗಿದ ಕೂಡಲೇ "ಏನಿದು, ಹಾಸಿಗೆ ಬಿಸಿಲಿನ ವಾಸನೆ ಬರ್ತಿದೆ" ಅಂದರು.

ಕ್ಲಿಪ್ಪು ವಾಪಸ್ ಕೊಡಬೇಕಾ, ನನಗೇ ಕೊಟ್ಟದ್ದಾ, ಗೊತ್ತಾಗಲಿಲ್ಲ. ನಾಳೆ ಹೇಗೆ ಕೇಳಲಿ?